ನಿದ್ದೆ ಬಾರದಿರುವುದು ಬೇರೆ, ನಿದ್ದೆ ಬೇಡವಾಗುವುದು ಬೇರೆ

ತೀರ್ಥಹಳ್ಳಿ
ಭಾನುವಾರ

ಚಿ. ಶುಭಾಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಗದ ತಲುಪಿತು. ಮನೆ ಬದಲಾಯಿಸುವ ವಿಷಯ, ಅಪ್ಪನ ಮಂಡಿನೋವು ಇವಕ್ಕೆಲ್ಲ ನಿನ್ನಮ್ಮ ಫೋನಿನಲ್ಲೇ ಉತ್ತರ ಹೇಳಿರುತ್ತಾಳೆ. ಕೊನೆಯಲ್ಲಿ, ರುಜು ಹಾಕಿದ ಮೇಲೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೀಯಲ್ಲ, ಆ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. 'ಮೂರು ಗಂಟೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ ದೊಡ್ಡಮ್ಮ, ನನಗೂ ಸೀತಜ್ಜಿ ಥರ ಆಗ್ತಿದೆಯಾ?'

ನಿದ್ದೆಗೆಟ್ಟ ರಾತ್ರಿಯ ಮರುದಿನ ನೀನು ಹೇಗಿರುತ್ತೀ? ಕಣ್ಣುರಿ, ತಲೆಭಾರ, ಹನ್ನೊಂದು ಗಂಟೆಯ ಮೀಟಿಂಗಿನಲ್ಲಿ ಆಕಳಿಕೆ ತಡೆಯಲಾಗುವುದಿಲ್ಲ ಅಂತ ನೀನೇ ಬರೆದಿದ್ದೀ. ನಿನ್ನ ಸೀತಜ್ಜಿ, ಅಂದರೆ ನನ್ನ ಸೀತಚಿಕ್ಕಿಯದು ಹಾಗಿರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವಳು, ಅದು ಮುಗಿದರೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸುವಳು, ಆರು ಗಂಟೆಗೆ ಮಿಂದು ಹೂ ಮುಡಿದು ಜಗುಲಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವಳು. ಆಯಾಸದ ಸುಳಿವೇ ಇಲ್ಲ. ಕೇರಿಗೆಲ್ಲ ಸೀರೆ ಕೊಡಿಸುತ್ತೇನೆಂದು ಸಾಲ ಹೇಳಿ ಬರುವಳು. ಅದು ಮೇನಿಯಾ, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಬೈಪೋಲಾರ್ ಕಾಯಿಲೆಯ ಏರಿನ ಹೊತ್ತು. ಅವಳಿಗೆ ನಿದ್ದೆ ಬೇಕಾಗಿರಲಿಲ್ಲ. ನಿನಗೆ ಬೇಕು, ಬರುತ್ತಿಲ್ಲ. ನಾನು ಸಿಸ್ಟರ್ ಆಗಿದ್ದ ವಾರ್ಡಿನಲ್ಲಿ ಡಾಕ್ಟರು ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಲಿಥಿಯಂ ಎಂಬ ಔಷಧ ಮೇನಿಯಾಕ್ಕೆ ಆಗುತ್ತದೆಂದು ಆಸ್ಟ್ರೇಲಿಯಾದ ಡಾಕ್ಟರು ಜಾನ್ ಕೇಡ್ 1949ರಲ್ಲೇ ಬರೆದಿದ್ದರು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ತಾಯಿತ ಕಟ್ಟಿಸುತ್ತಿದ್ದರು, ಹಿತ್ತಿಲ ಕೋಣೆಗೆ ಚಿಲಕ ಹಾಕುತ್ತಿದ್ದರು. ಕಾಯಿಲೆಗೆ ಹೆಸರೂ ಇರಲಿಲ್ಲ, 'ಅವಳಿಗೆ ಹಾಗೆ' ಅಷ್ಟೇ. ಹೆಸರು ಹೇಳದೆ ಮುಚ್ಚಿಟ್ಟದ್ದರಿಂದಲೇ ನಿನ್ನಂಥವರಿಗೆ ಇವತ್ತು ಅರ್ಧರಾತ್ರಿಯಲ್ಲಿ ಹೆದರಿಕೆ ಅನ್ನುವುದು ನನ್ನ ಸಂಕಟ. ಇರಲಿ.

ರಕ್ತದಲ್ಲಿ ಬರುತ್ತದೆಯೇ ಅಂದರೆ, ಸ್ವಲ್ಪ ಬರುತ್ತದೆ, ಸುಳ್ಳು ಹೇಳುವುದಿಲ್ಲ. ತಾಯಿಗೋ ತಂದೆಗೋ ಬೈಪೋಲಾರ್ ಇದ್ದರೆ ನೂರು ಮಕ್ಕಳಲ್ಲಿ 5ರಿಂದ 10 ಮಂದಿಗೆ ಬರಬಹುದು, ಮಿಕ್ಕ 90ರಿಂದ 95 ಮಂದಿಗೆ ಬರುವುದಿಲ್ಲ. ಸೀತಚಿಕ್ಕಿ ನಿನಗೆ ಅಜ್ಜಿಯ ತಂಗಿ. ನಿಮ್ಮಿಬ್ಬರಲ್ಲಿ ಸರಾಸರಿ ಎಂಟರಲ್ಲಿ ಒಂದು ಪಾಲು ಜೀನ್ ಮಾತ್ರ ಸಮಾನ. ಅಷ್ಟು ದೂರಕ್ಕೆ ಬಂದರೆ ಅಪಾಯ ಊರಿನ ಎಲ್ಲರಿಗೂ ಇರುವುದಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು.

ಇನ್ನು ಮೂರು ಗಂಟೆಯ ವಿಷಯ. ಗಾಢ ನಿದ್ದೆಯೆಲ್ಲ ರಾತ್ರಿಯ ಮೊದಲರ್ಧದಲ್ಲೇ ಹೆಚ್ಚಾಗಿ ಮುಗಿದುಹೋಗುತ್ತದೆ. ಆಮೇಲಿನದು ತೆಳು, ಕನಸಿನ ನಿದ್ದೆ. ಆಗ ಎಲ್ಲರಿಗೂ ಎಚ್ಚರವಾಗುತ್ತದೆ, ಮಗ್ಗುಲು ಬದಲಿಸುತ್ತಾರೆ, ಬೆಳಿಗ್ಗೆ ನೆನಪಿರುವುದಿಲ್ಲ. ನೀನು ಮಾಡುವುದೇನೆಂದರೆ ದಿಂಬಿನ ಕೆಳಗಿನ ಫೋನ್ ತೆಗೆದು ಟೈಮ್ ನೋಡುವುದು, ಇನ್ನೆಷ್ಟು ಗಂಟೆ ಉಳಿದಿದೆ ಎಂದು ಲೆಕ್ಕ ಹಾಕುವುದು, ಲೆಕ್ಕದ ಹಿಂದೆಯೇ ಸೀತಜ್ಜಿ ನೆನಪಾಗುವುದು. ಎಚ್ಚರ ಮಾಡಿದ್ದು ದೇಹ, ಎಚ್ಚರವಾಗಿಯೇ ಇರಿಸಿದ್ದು ಆ ಹೆದರಿಕೆ. ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕು, ಏಳಲು ಒಂದು ಅಲಾರಂ ಗಡಿಯಾರ ಕೊಂಡು ಮುಖ ಗೋಡೆಗೆ ತಿರುಗಿಸಿಡು.

ಅಂದಾಜು ಇಪ್ಪತ್ತು ನಿಮಿಷ ನಿದ್ದೆ ಹತ್ತಲಿಲ್ಲ ಅನಿಸಿದರೆ ಹಾಸಿಗೆ ಬಿಟ್ಟು ಏಳು (ಗಡಿಯಾರ ನೋಡಿ ಅಲ್ಲ, ಅಂದಾಜಿಗೆ). ಕುರ್ಚಿಯಲ್ಲಿ ಕೂರು, ಮಂಕು ದೀಪ, ಹಳೇ ಪಂಚಾಂಗದಂಥ ನೀರಸವಾದದ್ದು ಏನಾದರೂ ಓದು. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವಾಗ ಮಾತ್ರ ಹಾಸಿಗೆಗೆ ಹೋಗು. ಮತ್ತೆ ಬರಲಿಲ್ಲವೋ, ಮತ್ತೆ ಏಳು. ರಿಚರ್ಡ್ ಬೂಟ್‌ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಹೇಳಿಕೊಟ್ಟ ಕ್ರಮ ಇದು. ಹಾಸಿಗೆ ಎಂದರೆ ಹೊರಳಾಟ ಎಂದು ಮಿದುಳು ಕಲಿತುಬಿಟ್ಟಿರುತ್ತದೆ, ಅದನ್ನು ಮರೆಸಬೇಕು. ಕೆಡುವುದು ಎಲ್ಲಿ ಗೊತ್ತಾ? ಸೋಫಾದ ಮೇಲೆ ಮಲಗಿಬಿಡುತ್ತಾರೆ, ಅಥವಾ ಮೈ ದಣಿದದ್ದನ್ನೇ ನಿದ್ದೆ ಬಂತೆಂದು ತಿಳಿದು ಬೇಗ ಹಾಸಿಗೆ ಸೇರುತ್ತಾರೆ. ಮೊದಲ ವಾರ ಈಗಿನದಕ್ಕಿಂತ ಕಷ್ಟವೇ ಆಗುತ್ತದೆ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಎರಡು ಮೂರು ವಾರ ಬೇಕು. ಲ್ಯಾಪ್‌ಟಾಪ್ ಹಾಸಿಗೆಯ ಮೇಲೆ ಇಟ್ಟುಕೊಂಡು ಕೆಲಸ ಮಾಡುವವಳು ನೀನು, ಮೊದಲು ಅದನ್ನು ಮೇಜಿಗೆ ಸಾಗಿಸು.

ಹೇಳುತ್ತಾ ಹೋದರೆ ಪಾಠ ಆಗುತ್ತದೆ. ವಾರ್ಡಿನ ಸಿಸ್ಟರ್ ಬುದ್ಧಿ, ನಿವೃತ್ತಿಯಾದರೂ ಹೋಗಿಲ್ಲ. ಬೇಡವಾದದ್ದನ್ನು ಬಿಡು.

ಅಂತರ್ಜಾಲದಲ್ಲಿ 'ಮಲಗುವ ಹೊತ್ತು ಕಡಿಮೆ ಮಾಡಿ, ಐದೂವರೆ ಗಂಟೆ ಮಾತ್ರ ಹಾಸಿಗೆಯಲ್ಲಿರಿ' ಎಂಬ ಇನ್ನೊಂದು ವಿಧಾನ ಸಿಗುತ್ತದೆ. ನಿದ್ರಾಹೀನತೆಗೆ ಒಳ್ಳೆಯ ಚಿಕಿತ್ಸೆಯೇ. ಆದರೆ ಬೈಪೋಲಾರ್ ಇರುವವರಲ್ಲಿ ನಿದ್ದೆ ಕಡಿತವೇ ಮೇನಿಯಾವನ್ನು ಎಬ್ಬಿಸಬಲ್ಲದು. ನಿನಗೆ ಅದಿಲ್ಲ ಎಂದೇ ನನ್ನ ಅಂದಾಜು. ಆದರೂ ಮನೆತನದಲ್ಲಿ ಇದ್ದ ಮೇಲೆ ಅದೊಂದನ್ನು ಡಾಕ್ಟರನ್ನು ಕೇಳದೆ ನೀನಾಗಿ ಮಾಡಬೇಡ.

ಹಾಗೆಯೇ, ಡಾಕ್ಟರ ಹತ್ತಿರ ಹೋದರೆ ಸೀತಜ್ಜಿಯ ವಿಷಯ ಮುಚ್ಚಿಡಬೇಡ. ನಾಚಿಕೆಯ ಮಾತಲ್ಲ, ಔಷಧದ ಮಾತು. ಮನಸ್ಸು ಕುಗ್ಗಿದ್ದಕ್ಕೆ ಕೊಡುವ ಮಾತ್ರೆಗಳನ್ನು ಬೈಪೋಲಾರ್ ಇರುವವರಿಗೆ ಹಾಗೇ ಕೊಟ್ಟರೆ ಕೆಲವರಲ್ಲಿ ಮೇನಿಯಾ ಏಳುತ್ತದೆ. ಮೊದಲೇ ಗೊತ್ತಿದ್ದರೆ ಅವರು ಜಾಗ್ರತೆ ವಹಿಸುತ್ತಾರೆ. ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡಿಗೆ), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶಕ್ಕೆ) ಮೂರನ್ನೂ ನೋಡಿಸು. ಥೈರಾಯ್ಡ್ ಜಾಸ್ತಿ ಆದರೂ ನಿದ್ದೆ ಹಾರುತ್ತದೆ, ಕಬ್ಬಿಣಾಂಶ ಇಳಿದರೆ ರಾತ್ರಿ ಕಾಲು ಆಡಿಸುತ್ತಲೇ ಇರಬೇಕೆನಿಸುತ್ತದೆ. ಆಫೀಸಿನ ಗೆಳತಿ ಕೊಟ್ಟ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಂ ಅರ್ಧ ಮಾತ್ರೆ ನುಂಗಿದೆ ಎಂದಿದ್ದೀಯಲ್ಲ, ಅದು ಅಲ್ಲಿಗೇ ಸಾಕು. ಮೊದಲ ರಾತ್ರಿ ಚೆನ್ನಾಗಿರುತ್ತದೆ, ಕೆಲವೇ ವಾರದಲ್ಲಿ ಅದಿಲ್ಲದೆ ಆಗುವುದಿಲ್ಲ. ದಿನವೂ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು.

ಸಂಜೆ ಐದರ ಫಿಲ್ಟರ್ ಕಾಫಿ ಬಿಡು ಅನ್ನುವ ಧೈರ್ಯ ಈ ಮನೆಯಲ್ಲಿ ಯಾರಿಗಿದೆ! ಆದರೆ ಅದರ ಕೆಫೀನು ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತಕ್ಕೆ ಮಲಗುವಾಗ ಅರ್ಧ ಲೋಟ ಇನ್ನೂ ಮೈಯಲ್ಲೇ ಇರುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಒಂದಕ್ಕೆ ಮುಗಿಸಲು ಆದರೆ ಮುಗಿಸು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಎದ್ದು ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆ. ಕಿಟಕಿಯ ಬೆಳಕು ಸಾಲದು.

ಮತ್ತೆ ಅದೇ ಹೆದರಿಕೆಗೆ ಬರುತ್ತೇನೆ. ಅದಕ್ಕೂ ಒಂದು ಹೊತ್ತು ಗೊತ್ತು ಮಾಡು. ಸಂಜೆ ಆರೂವರೆಗೆ, ಹದಿನೈದು ನಿಮಿಷ, ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಚಿಂತೆ, ಬಲಕ್ಕೆ ನಾಳೆ ಅದಕ್ಕೆ ಮಾಡಬಹುದಾದ ಒಂದು ಕೆಲಸ. 'ಸೀತಜ್ಜಿ ಥರ ಆಗ್ತಿದೆಯಾ' ಎಂಬುದರ ಎದುರು ಇವನ್ನು ಬರೆದಿಡು: ಎರಡು ಮೂರು ಗಂಟೆ ಮಾತ್ರ ಮಲಗಿಯೂ ಲವಲವಿಕೆ, ಮಾತಿನ ವೇಗ ಹೆಚ್ಚುವುದು, ತಲೆಯಲ್ಲಿ ಯೋಜನೆಗಳ ಮೇಲೆ ಯೋಜನೆ, ಕೈ ಸಡಿಲವಾಗಿ ಖರ್ಚು, ಸಣ್ಣದಕ್ಕೂ ಸಿಡುಕು, ಇವೆಲ್ಲ ಒಟ್ಟಿಗೆ ನಾಲ್ಕು ದಿನ ಮೀರಿದರೆ ಡಾಕ್ಟರು. ಇಂಥದ್ದು ಅನುಭವಿಸುವವರಿಗಿಂತ ಮೊದಲು ಜೊತೆಯಲ್ಲಿರುವವರ ಕಣ್ಣಿಗೆ ಬೀಳುತ್ತದೆ. ಆ ಪಟ್ಟಿಯನ್ನು ನಿನ್ನ ರೂಮ್‌ಮೇಟಿಗೂ ತೋರಿಸಿಡು. ಮೂರು ಗಂಟೆಗೆ ಹೆದರಿಕೆ ಎದ್ದರೆ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಪ್ರಶ್ನೆಗೆ ಉತ್ತರ ಸಂಜೆಯ ಹಾಳೆಯಲ್ಲಿದೆ, ಆಗ ಹುಡುಕಬೇಡ.

ಬದುಕು ಬೇಡ ಅನಿಸಿದರೆ ಮಾತ್ರ ಸಂಜೆಗೆ ಕಾಯಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ಎಷ್ಟು ಹೊತ್ತಿಗಾದರೂ.

ತಿಂಗಳೊಳಗೆ ಸರಿಹೋಗದಿದ್ದರೆ ನಿಮ್ಹಾನ್ಸಿಗೆ ಹೋಗು. ಒಬ್ಬಳೇ ಹೋಗಲು ಅಳುಕಾದರೆ ಹಿಂದಿನ ರಾತ್ರಿಯ ಬಸ್ಸಿಗೆ ನಾನೇ ಬರುತ್ತೇನೆ, ಸಂಕೋಚ ಬೇಡ. ರಕ್ತದ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಈ ಕಾಗದ ಅಮ್ಮನಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು, ನಾನಾಗಿ ಏನೂ ಹೇಳುವುದಿಲ್ಲ.

ನಿನ್ನ,
ದೊಡ್ಡಮ್ಮ