ಆ ಒಂದು ಸಾಲಿನ ಬಗ್ಗೆ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ನಿಮ್ಮಮ್ಮನನ್ನು ಮಾತಾಡಿಸಿ ಮಾಡುತ್ತಿರುವ ಡಾಕ್ಯುಮೆಂಟರಿಯ ಎಡಿಟಿಂಗ್ ಶುರುವಾಗಿದ್ದು ಕೇಳಿ ತುಂಬಾ ಖುಷಿಯಾಯಿತು. ಆದರೆ ಮಧ್ಯದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಅಮ್ಮ ಅಳುತ್ತಿದ್ದಳು, ನಾನು ಫೋಕಸ್ ಸರಿಯಿದೆಯಾ ಅಂತ ನೋಡುತ್ತಿದ್ದೆ, ನಾನು ಎಂಥವಳಾಗಿಬಿಟ್ಟೆ ಮಾವ' ಅಂತ, ಅದು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ.

ಯಾಕಂದ್ರೆ ನಾನೂ ಅಲ್ಲಿ ನಿಂತಿದ್ದೇನೆ. ತಾತನ ಕೊನೆಯ ಬೇಸಿಗೆ. ಚಿಕ್ಕ ಟೇಪು ಹಾಕುವ ಮಿನಿ ಡಿವಿ ಕ್ಯಾಮೆರಾ ಅವರ ಮಂಚದ ಎದುರು ಇಟ್ಟಿದ್ದೆ. ಸತ್ತುಹೋದ ತಂಗಿಯ ವಿಷಯ ಹೇಳುತ್ತಿದ್ದರು, ಅಲ್ಲಿಯವರೆಗೆ ಯಾರಿಗೂ ಹೇಳದ್ದು. ನಡುವೆ ನೀರು ಕೇಳಿದರು. ಟೇಪಿನಲ್ಲಿ ಇನ್ನೂ 6 ನಿಮಿಷ ಇತ್ತು. 'ಒಂದೇ ನಿಮಿಷ ಅಪ್ಪಾ, ಹೇಳಿ ಮುಗಿಸಿ' ಅಂದೆ. ಮುಗಿಸಿದರು. ನಿಮ್ಮಮ್ಮ ಒಳಗಿಂದ ನೀರು ತಂದು ಕೊಟ್ಟಳು, ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಎಷ್ಟೋ ವರ್ಷ ಬೇರೆಯವರ ಮನೆಗಳಲ್ಲಿ ಅವರ ಅಪ್ಪ ಅಮ್ಮಂದಿರನ್ನು ಮಾತಾಡಿಸಿದವನು ನಾನು, ಅಲ್ಲಿ ಯಾರಾದರೂ ನೀರು ಕೇಳಿದರೆ ನಾನೇ ಓಡುತ್ತಿದ್ದೆ.

ನಾನು ಕೆಲಸ ಕಲಿತಿದ್ದು 16 ಎಂಎಂ ಫಿಲಂನಲ್ಲಿ. 400 ಅಡಿಯ ರೋಲು ಸುಮಾರು 11 ನಿಮಿಷಕ್ಕೆ ಖಾಲಿ. ಮ್ಯಾಗಜೀನ್, ಅಂದರೆ ರೋಲು ತುಂಬಿದ ಡಬ್ಬಿ, ಬದಲಾಯಿಸುವಷ್ಟರಲ್ಲಿ ಕಾಫಿ ಬರುತ್ತಿತ್ತು, ಅತ್ತವರು ಕಣ್ಣೊರೆಸಿಕೊಂಡು ನಿಮ್ಮದು ಯಾವೂರು ಅಂತ ಕೇಳುತ್ತಿದ್ದರು. ಮಿನಿ ಡಿವಿ ಬಂದಾಗ ಅದು 60 ನಿಮಿಷ ಆಯಿತು. ನಿನ್ನ ಮೆಮೊರಿ ಕಾರ್ಡು ಇನ್ನೂ ಜಾಸ್ತಿ ಹೊತ್ತು ಓಡುತ್ತದೆ. ನಿಲ್ಲಿಸಬೇಕಾದವಳು ನೀನೇ, ಅದೇ ಕಷ್ಟ.

ಫೋಕಸ್ ನೋಡಿದ್ದಕ್ಕೆ ನಿನ್ನನ್ನು ಬೈದುಕೊಳ್ಳಬೇಡ. ಕೆಲಸ ಕಲಿತ ಕೈ, ತಾನಾಗಿ ಹೋಗುತ್ತದೆ. ಆದರೆ ಆಮೇಲೆ ಏನು ಮಾಡಿದೆ ಅಂತ ನೀನು ಬರೆದೇ ಇಲ್ಲ. ಅಮ್ಮನ ಪಕ್ಕ ಹೋಗಿ ಕೂತೆಯಾ? ನಾನು ಅಪ್ಪನ ಪಕ್ಕ ಹೋಗಲಿಲ್ಲ ಪುಟ್ಟಿ. ಟೇಪಿಗೆ ಲೇಬಲ್ ಬರೆಯುತ್ತಾ ಕೂತಿದ್ದೆ.

ಮುಂದಿನ ಸಲ ಕ್ಯಾಮೆರಾ ಗೆಳತಿಯ ಕೈಗೆ ಕೊಟ್ಟು ನೀನು ಅಮ್ಮನ ಜೊತೆ ಕೂರಲು ಆಗುತ್ತದಾ ನೋಡು. ದುಡ್ಡಿಲ್ಲ ಅಂತೀಯ, ಗೊತ್ತು. ರಫ್ ಕಟ್, ಆ ಮೊದಲ ಕಚ್ಚಾ ಜೋಡಣೆ, ಮೊದಲು ಅಮ್ಮನಿಗೇ ತೋರಿಸು. ಚಿತ್ರ ಬಳಸಲು ಒಪ್ಪಿಗೆ ಕೊಡುವ ರಿಲೀಸ್ ಫಾರಂಗೆ ಸಹಿ ಹಾಕಿದ್ದಾಳೆ ನಿಜ, ಆದರೆ ಮಗಳು ಕಾಗದ ಚಾಚಿದರೆ ಯಾವ ತಾಯಿ ಓದಿ ನೋಡುತ್ತಾಳೆ? ಅಳುವ ಭಾಗ ಬೇಡ ಅಂದರೆ ತೆಗೆದುಬಿಡು. ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಆದರೂ ಹೇಳುತ್ತಿದ್ದೇನೆ.

ಅವಸರವೂ ಬೇಡ. ಡಾಕ್ಯುಮೆಂಟರಿ ಮಾಡುವ ಆನಂದ್ ಪಟವರ್ಧನ್ ವಯಸ್ಸಾದ ಅಪ್ಪ ಅಮ್ಮನನ್ನು ಮನೆಯಲ್ಲಿ ಸುಮ್ನೆ ಚಿತ್ರಿಸಿಕೊಂಡಿದ್ದು ಸಿನಿಮಾ ಆಗಿ ಹೊರಬಂದಿದ್ದು 2023ರಲ್ಲಿ, ಇಬ್ಬರೂ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ. ಫೆಸ್ಟಿವಲ್ ತಾರೀಖು ನೋಡಿಕೊಂಡು ಅಮ್ಮನನ್ನು ಓಡಿಸಬೇಡ.

ನನ್ನ ಟೇಪು ಸಿನಿಮಾ ಆಗಲೇ ಇಲ್ಲ. ಮಾತು ಮುಗಿದ ಮೇಲೆ ಅಭ್ಯಾಸಬಲದಿಂದ 30 ಸೆಕೆಂಡ್ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ಕೋಣೆಯಲ್ಲಿರುವ ಸದ್ದು, ತೆಗೆದುಕೊಂಡಿದ್ದೆ. ಫ್ಯಾನಿನ ಸದ್ದು, ನಿಮ್ಮಮ್ಮನ ಬಳೆ, ಅಪ್ಪ ನೀರು ಕುಡಿಯುವುದು. ಅವಳಿಗೆ ಅದನ್ನು ಇಷ್ಟು ದಿನ ಕೇಳಿಸಿಲ್ಲ. ಯುಗಾದಿಗೆ ಬಂದಾಗ ಕೇಳಿಸೋಣ ಅಂತಿದ್ದೇನೆ. ನೀನು ಜೊತೆಗಿದ್ದರೆ ನನಗೂ ಸ್ವಲ್ಪ ಧೈರ್ಯ.

ನಿನ್ನ ಮಾವ