ಆಫ್ರಿಕಾದ ಕಾಡನ್ನು ನಡೆದೂ ನೋಡಿ

ಮಾನ್ಯರೇ,

ಆಫ್ರಿಕಾ ಸಫಾರಿ ಎಂದರೆ ಜೀಪಿನಲ್ಲಿ ಕೂತು ಸಿಂಹ ಹುಡುಕುವುದು ಎಂದೇ ತಿಳಿದಿದ್ದೆ. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿರುವ ಮಗಳು ನಮ್ಮನ್ನು ಆ ದೇಶದ ಸೌತ್ ಲುವಾಂಗ್ವಾ ಕಾಡಿಗೆ ಕರೆದೊಯ್ದಳು. ವನ್ಯಜೀವಿ ಸಂರಕ್ಷಕ ನಾರ್ಮನ್ ಕಾರ್ ಅವರು ಕಾಲ್ನಡಿಗೆ ಸಫಾರಿ ಶುರು ಮಾಡಿದ್ದು ಅಲ್ಲೇ.

ಬೆಳಗ್ಗೆ ಆರಕ್ಕೆ ಒಬ್ಬರ ಹಿಂದೊಬ್ಬರು ಹೊರಟೆವು. ಮುಂದೆ ಕೋವಿ ಹಿಡಿದ ಕಾವಲುಗಾರ, ಹಿಂದೆಯೇ ಗೈಡ್. ಮಾತಿಲ್ಲ. ಗೈಡ್ ಆನೆ ಲದ್ದಿ ಬಿಡಿಸಿ ಅದು ತಿಂದ ಬೀಜ ತೋರಿಸಿದರು. ಮರಳಿನ ಮೇಲೆ ಕತ್ತೆಕಿರುಬದ ಹೆಜ್ಜೆ. ನದಿಯಿಂದ ನೀರಾನೆಗಳ ಗುರುಗುಟ್ಟುವಿಕೆ. ಎದೆಗೇ ಬಡಿದ ಹಾಗಾಯಿತು! ಸಿಂಹ ಕಾಣಲಿಲ್ಲ, ಬೇಸರವೂ ಆಗಲಿಲ್ಲ.

ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ಅದು ಸರಿಯೇ. ಬಿಳಿ ಬಟ್ಟೆ ಬೇಡ. ನಿಮ್ಮ ಪ್ರವಾಸ ಪುಟದಲ್ಲಿ ದಯವಿಟ್ಟು ಕಾಲ್ನಡಿಗೆ ಸಫಾರಿಯ ಬಗ್ಗೆಯೂ ಬರೆಯಿರಿ.

– ನಿವೃತ್ತ ಶಿಕ್ಷಕಿ, ಮೈಸೂರು