ಮಗಳನ್ನು ಕ್ರೈಸ್ಟ್‌ಗೆ ಕಳಿಸಬೇಕೋ ಬೇಡವೋ ಅಂತ ಕೇಳಿದ ಬೀದರಿನ ದೋಸ್ತನಿಗೆ

ದೋಸ್ತ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಮಗಳು ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಗೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಮನೆಯಲ್ಲಿ ಹಿರಿಯರು "ಪಾದ್ರಿಗಳ ಕಾಲೇಜು, ಶ್ರೀಮಂತರ ಮಕ್ಕಳ ಜಾಗ, ನಮಗ್ಯಾಕೆ" ಅನ್ನುತ್ತಿದ್ದಾರೆ ಅಂದೆ. ನನ್ನ ತಂಗಿಯ ಮಗಳು ಅಲ್ಲೇ ಓದುತ್ತಿದ್ದಾಳಲ್ಲ, ಅದಕ್ಕೇ ನನ್ನನ್ನು ಕೇಳಿದೆ. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ನಮ್ಮ ಕಡೆ ಇದೇ ಪ್ರಶ್ನೆ ಇರುವವರು ಬೇರೆಯವರೂ ಇದ್ದಾರೆ.

ಮೊದಲು ಪಾದ್ರಿಗಳ ವಿಷಯ. ನೀನು ಬೀದರಿನ ಮಂಗಲಪೇಟೆ ನೋಡಿಕೊಂಡು ಬೆಳೆದವನು. ನಿನಗೆ ಮಿಷನ್ ಅಂದರೆ ಅಮೆರಿಕದಿಂದ ಬಂದ ಮೆಥೋಡಿಸ್ಟರು, ಅವರ ಶಾಲೆ, ಅವರ ಆಸ್ಪತ್ರೆ. ಕ್ರೈಸ್ಟ್ ಕಟ್ಟಿದವರು ಹೊರದೇಶದವರೇ ಅಲ್ಲ. ಕೇರಳದ ಸಿಎಂಐ ಅನ್ನುವ ಕ್ಯಾಥೊಲಿಕ್ ಸಂಸ್ಥೆ, 1831ರಲ್ಲಿ ಕೋಟ್ಟಯಂ ಕಡೆಯ ಮಾನ್ನಾನಂ ಊರಲ್ಲಿ ಶುರುವಾದದ್ದು. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬರು ಕುರಿಯಾಕೋಸ್ ಏಲಿಯಾಸ್ ಚಾವರ. 2014ರಲ್ಲಿ ಪೋಪ್ ಅವರನ್ನು ಸಂತ ಅಂತ ಸಾರಿದರು. ಆ ಮನುಷ್ಯ 1846ರಲ್ಲಿ ತೆರೆದದ್ದು ಏನು ಗೊತ್ತಾ? ಸಂಸ್ಕೃತ ಶಾಲೆ! ಜೊತೆಗೆ ಒಂದು ಮರದ ಪ್ರೆಸ್ಸನ್ನೂ ಮಾಡಿಸಿದರು. ಚರ್ಚ್ ಇದ್ದ ಕಡೆಯೆಲ್ಲ ಶಾಲೆಯೂ ಇರಲೇಬೇಕು ಅಂತ ತಮ್ಮವರಿಗೆ ತಾಕೀತು ಮಾಡಿದರು. ನಮ್ಮ ಕಲಬುರಗಿಯಲ್ಲೂ ಶರಣಬಸವೇಶ್ವರ ಸಂಸ್ಥಾನದವರು ನಡೆಸಿಕೊಂಡು ಬಂದ ವಿದ್ಯಾಸಂಸ್ಥೆಯಿಂದಲೇ 2017ರಲ್ಲಿ ಒಂದು ಖಾಸಗಿ ಯೂನಿವರ್ಸಿಟಿ ಆಯಿತಲ್ವಾ? ಅದನ್ನು ಒಪ್ಪಿಕೊಂಡ ನಾವು ಇದಕ್ಕೆ ಮೂಗು ಮುರಿಯುವುದು ಸರಿಯಲ್ಲ ಅಂತ ನಿಮ್ಮಪ್ಪನಿಗೆ ಹೇಳು.

ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ಕಾಲೇಜು ಶುರುವಾದದ್ದು 1969ರಲ್ಲಿ. ಬಹಳ ವರ್ಷ ಬೆಂಗಳೂರು ಯೂನಿವರ್ಸಿಟಿಯ ಕೆಳಗೇ ಇತ್ತು. 2004ರಲ್ಲಿ ಸ್ವಾಯತ್ತ ಆಯಿತು, 2008ರಲ್ಲಿ ಡೀಮ್ಡ್ ಯೂನಿವರ್ಸಿಟಿ. ಈಗ ಡಿಗ್ರಿ ಅವರದೇ ಹೆಸರಲ್ಲಿ ಕೊಡುತ್ತಾರೆ.

ನನಗೆ ಆ ಜಾಗದ ಮೇಲೆ ಅಭಿಮಾನ ಹುಟ್ಟಿದ್ದು ಬೇರೆ ಕಾರಣಕ್ಕೆ. ಅಲ್ಲಿ ಚಿ. ಶ್ರೀನಿವಾಸರಾಜು ಅಂತ ಕನ್ನಡ ಮೇಷ್ಟ್ರು ಇದ್ದರು. ಮಲಯಾಳಿ ಪಾದ್ರಿಗಳ ಕಾಲೇಜು, ದೇಶದ ಮೂಲೆಮೂಲೆಯ ಹುಡುಗರು. ಅಂಥ ಕಡೆ ಕನ್ನಡ ಸಂಘ ಕಟ್ಟಿ, ಅದರಿಂದ ಇನ್ನೂರಕ್ಕೂ ಜಾಸ್ತಿ ಕನ್ನಡ ಪುಸ್ತಕ ಹೊರತಂದರು. ಕಾಲೇಜಿನ ಕನ್ನಡ ಸಂಘ ಅಂದರೆ ನವೆಂಬರಲ್ಲಿ ಒಂದು ಬಾವುಟ, ಒಂದು ಭಾಷಣ, ಮುಗೀತು, ಅಷ್ಟೇ ನೋಡಿದವರು ನಾವು. ಬೇಂದ್ರೆಯವರ ನೆನಪಿನಲ್ಲಿ ನಾಡಿನ ಎಲ್ಲ ಕಾಲೇಜು ಹುಡುಗರಿಗೆ ಕವನ ಸ್ಪರ್ಧೆ ನಡೆಸುತ್ತಿದ್ದರು. ಇಲ್ಲಿಂದ ನಾನೂ ಒಂದು ಕವನ ಅಂಚೆಗೆ ಹಾಕಿದ್ದೆ. ಬಹುಮಾನ ಏನೂ ಬರಲಿಲ್ಲ, ಕವನವೂ ಅಷ್ಟಕ್ಕಷ್ಟೇ. ಆದರೆ ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಓದಿದ ಅಜ್ಜನ ಮೊಮ್ಮಗನೊಬ್ಬ ಕನ್ನಡದಲ್ಲಿ ಬರೆದದ್ದನ್ನು ಅಷ್ಟು ದೂರದಲ್ಲಿ ಯಾರೋ ಕೂತು ಓದುತ್ತಾರೆ ಅನ್ನುವುದೇ ನನಗೆ ಆಗ ದೊಡ್ಡದು. ಮೇಷ್ಟ್ರು 2007ರಲ್ಲಿ ತೀರಿಹೋದರು. ಪಾದ್ರಿಗಳನ್ನೂ ಇಲ್ಲಿ ಮೆಚ್ಚಬೇಕು, ಅವರು ಅಡ್ಡ ಬಂದಿದ್ದರೆ ಇಷ್ಟು ಪುಸ್ತಕ ಎಲ್ಲಿ ಬರುತ್ತಿತ್ತು?

ಇನ್ನು ಇವತ್ತಿನ ಕ್ಯಾಂಪಸ್. ನಮ್ಮ ಹುಡುಗಿಯನ್ನು ಬಿಡಲು ಹೋದಾಗ ನೋಡಿದೆ. ಗೇಟಿನಲ್ಲೇ ಕೊರಳಿನ ಐಡಿ ಕಾರ್ಡ್ ನೋಡುತ್ತಾರೆ, ಹುಡುಗರು ಇನ್‌ಶರ್ಟ್ ಮಾಡಿಕೊಂಡು ಆಫೀಸಿಗೆ ಹೊರಟವರ ಹಾಗೆ ಬರುತ್ತಾರೆ. ಒಳಗೆ ಗಿಡಮರ ಸಮೃದ್ಧಿ, ಒಂದು ಚೂರು ಕಾಗದ ಕೆಳಗೆ ಬಿದ್ದಿರುವುದಿಲ್ಲ. ಹಳೇ ಕಾಗದವನ್ನು ಅಲ್ಲೇ ಮತ್ತೆ ಹೊಸದು ಮಾಡುತ್ತಾರೆ. ಹಾಜರಿ ಶೇಕಡಾ 85 ಇರಲೇಬೇಕು. ಊರಲ್ಲಿ ಮದುವೆ, ಜಾತ್ರೆ ಅಂತ ವಾರಗಟ್ಟಲೆ ಬಂದು ಕೂರುವ ಹಾಗಿಲ್ಲ, ಇದನ್ನು ನಿನ್ನ ಹೆಂಡತಿಗೆ ಮೊದಲೇ ಹೇಳಿಬಿಡು. ವರ್ಷವಿಡೀ ಸಿಐಎ, ಅಂದರೆ ನಿರಂತರ ಆಂತರಿಕ ಮೌಲ್ಯಮಾಪನ, ಅಂತ ಟೆಸ್ಟು, ಅಸೈನ್‌ಮೆಂಟು. "ಮಾಮಾ, ಉಸಿರಾಡೋಕೂ ಬಿಡಲ್ಲ" ಅಂತ ನಮ್ಮವಳು ಗೊಣಗುತ್ತಾಳೆ. ಭಾಷಾ ಉತ್ಸವದ ದಿನ ಮಾತ್ರ ಖುಷಿಯೋ ಖುಷಿ. ಎಲ್ಲರೂ ತಮ್ಮ ತಮ್ಮ ಊರಿನ ಉಡುಗೆ ಉಟ್ಟು ಬರುತ್ತಾರೆ, ಇವಳು ಅಮ್ಮನ ಇಳಕಲ್ ಸೀರೆ ಒಯ್ದಿದ್ದಳು. ಆ ಸಲ ಕಟ್ಟಿಕೊಟ್ಟ ಖಡಕ್ ರೊಟ್ಟಿಯನ್ನು ಕೋಟ್ಟಯಂ ಹುಡುಗಿಯೂ ಕೋಲ್ಕತ್ತಾ ಹುಡುಗಿಯೂ ಹಪ್ಪಳ ಅಂದುಕೊಂಡು ಸುಮ್ನೆ ಕಟುಕುಟು ತಿಂದು ಮುಗಿಸಿದರಂತೆ, ಶೇಂಗಾ ಹಿಂಡಿ ಡಬ್ಬಿ ಮುಚ್ಚಿದ ಹಾಗೇ ಇತ್ತು.

ನನಗೆ ಹಿಡಿಸದ್ದೂ ಇದೆ. ಅಲ್ಲಿ ಓಡಾಡಿದಷ್ಟು ಹೊತ್ತೂ ಇಂಗ್ಲಿಷು, ಹಿಂದಿ, ಮಲಯಾಳಂ ಕಿವಿಗೆ ಬಿತ್ತೇ ಹೊರತು ಕನ್ನಡ ಕೇಳಿದ್ದು ಸೆಕ್ಯುರಿಟಿಯವನ ಬಾಯಲ್ಲಿ ಮಾತ್ರ. ಫೀಸು ನಮ್ಮಂಥವರಿಗೆ ಭಾರವೇ. ನಾನಂತೂ ತಂಗಿಗೆ ಕೈಜೋಡಿಸಿದ್ದೇನೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಸಾಲ ಮಾಡಿ ಕಳಿಸುವುದಾದರೆ, ಯಾವ ಕೋರ್ಸು, ಮುಂದೆ ಏನು ಅಂತ ಮಗಳ ಹತ್ತಿರ ಕೂತು ಮಾತಾಡು. ಗೆಳತಿಯರು ಹೊರಟಿದ್ದಾರೆ ಅಂತ ಅಷ್ಟೇ ಆದರೆ ಬೇಡ. ಓದುವ ಹುಚ್ಚಿದ್ದರೆ ಕಳಿಸು.

ಕಳಿಸುವುದಾದರೆ ಪಿಯುಸಿ ರಿಸಲ್ಟ್ ಬರುವವರೆಗೆ ಕಾಯಬೇಡ, ಅರ್ಜಿ ಅದಕ್ಕೂ ಮೊದಲೇ ಶುರುವಾಗುತ್ತದೆ. ಎಂಟ್ರೆನ್ಸ್, ಇಂಟರ್‌ವ್ಯೂ ಎಲ್ಲ ಇದೆ. ನಮ್ಮ ಹುಡುಗಿ ರಜೆಗೆ ಬಂದಾಗ ಮಗಳನ್ನು ಕರಕೊಂಡು ಕಲಬುರಗಿಗೆ ಬಾ, ಇಬ್ಬರೂ ಮಾತಾಡಲಿ. ನಾವು ದೂರ ಕೂತಿರೋಣ, ನಮ್ಮೆದುರು ಅವರು ನಿಜ ಹೇಳುವುದಿಲ್ಲ.

ನಿನ್ನ
ಕಲಬುರಗಿ ದೋಸ್ತ